ಹೂಂ ಅನ್ನದ ಊರು

ನಮ್ಮೂರಲ್ಲಿ ಯಾರೂ ಹೂಂ ಅನ್ನುವುದಿಲ್ಲ. ಬೀದಿಯಲ್ಲಿ ಆಡುವ ಮಕ್ಕಳನ್ನು ಕೂಗಿದರೆ ‘ಬಂದೆ’ ಅನ್ನುತ್ತವೆ. ಅಂಗಡಿಯವನು ಕವರು ಕೊಡಲಾ ಅಂತ ಕೇಳಿದರೆ ಗಿರಾಕಿ ಸುಮ್ಮನೆ ಕೈ ಚಾಚುತ್ತಾನೆ. ಹೆಣ್ಣು ನೋಡಲು ಬಂದವರು ಹುಡುಗಿಯ ಒಪ್ಪಿಗೆ ಕೇಳಿದರೆ ಅವಳು ಎದ್ದು ಹೋಗಿ ಹುಡುಗನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸುತ್ತಾಳೆ, ಅಷ್ಟೇ. ತಲೆ ಆಡಿಸುವುದೂ ಕಡಿಮೆ. ಹೊರಗಿನಿಂದ ಬಂದವರು ನಮ್ಮನ್ನು ಬಿಗುಮಾನದ ಜನ ಅಂದುಕೊಳ್ಳುತ್ತಾರೆ. ಬಿಗುಮಾನವಲ್ಲ, ಭಯ. ಮನೆಯಲ್ಲಿ ಬಾಯಿಗೆ ರೂಢಿಯಾದದ್ದು ಠಾಣೆಯಲ್ಲೂ ಬಂದುಬಿಡುತ್ತದೆ.

ಏಕೆಂದರೆ ಇಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದು ನಡೆದುಹೋದದ್ದೇ ಆಗುತ್ತದೆ. ನಾನು ಚಿಕ್ಕವಳಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಮಾದಯ್ಯ ಅಂತ ಒಬ್ಬರು ಚಾಪೆ ಹೆಣೆಯುತ್ತಿದ್ದರು. ಯಾರದೋ ತೋಟದ ಪಂಪ್‌ಸೆಟ್ಟು ಕಳುವಾಗಿತ್ತು. ಮಾದಯ್ಯನನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ ಠಾಣೆಯಲ್ಲಿ ಕೂರಿಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ, ಅದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳಿದರು. ಹೊತ್ತು ಇಳಿಯುವಾಗ, ಮನೆಗೆ ಹೋದರೆ ಸಾಕು ಅನ್ನಿಸಿ, “ಹೂಂ ಕಣಪ್ಪ” ಅಂದುಬಿಟ್ಟರಂತೆ. ಅವರನ್ನು ಮನೆಗೆ ಕರೆತಂದು ನೋಡಿದರೆ ಹಿತ್ತಲಲ್ಲಿ ಪಂಪ್‌ಸೆಟ್ಟು ಕೂತಿತ್ತು. ಅವರ ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು. ಇವರು ಅಂಥವರಲ್ಲ ಎಂದು ಬೆಳಿಗ್ಗೆ ನಮ್ಮಮ್ಮನ ಹತ್ತಿರ ಅತ್ತಿದ್ದ ಅವರ ಹೆಂಡತಿ, ಸಂಜೆಗೆ, “ಅವತ್ತು ರಾತ್ರಿ ಇವರು ಎದ್ದು ಹೋದದ್ದು ನನಗೆ ಗೊತ್ತಾಗಿತ್ತು” ಅಂದಳು. ಮಾದಯ್ಯನಿಗೂ ಎಲ್ಲಾ ನೆನಪಿತ್ತು. ಪಂಪು ಎಷ್ಟು ಭಾರವಿತ್ತು, ದಾರಿಯಲ್ಲಿ ಎಲ್ಲಿ ಇಳಿಸಿ ಸುಧಾರಿಸಿಕೊಂಡೆ ಅನ್ನುವುದನ್ನೂ ಹೇಳಿದರು. ನಿಜವಾಗಿ ಕದ್ದವನು ಯಾರೋ, ಅವನ ಕೈ ಅದೇ ಗಳಿಗೆಯಲ್ಲಿ ತೊಳೆದಂತೆ ಆಗಿರಬೇಕು.

ಇಲ್ಲ ಅಂದರೆ ಏನೂ ಆಗುವುದಿಲ್ಲ. ಆದರೆ ಇಲ್ಲ ಅಂದವನನ್ನು ಮತ್ತೆಲ್ಲಿದ್ದೆ ಅಂತ ಕೇಳುತ್ತಾರೆ. ಅಲ್ಲಿಗೆ ಯಾಕೆ ಹೋಗಿದ್ದೆ, ಯಾವ ದಾರಿಯಲ್ಲಿ ಬಂದೆ, ಆ ದಾರಿಯಲ್ಲಿ ಆ ಮನೆ ಬರುತ್ತದಲ್ಲವಾ ಅಂತ ಕೇಳುತ್ತಾರೆ. ಹೀಗೆ ಹೋಗಿ ಹೋಗಿ ಎಲ್ಲೋ ಒಂದು ಕಡೆ ಹೌದು ಅನ್ನಲೇಬೇಕಾಗುತ್ತದೆ. ಅದಕ್ಕೇ ಮಾತು ಶುರುವಾಗುವುದಕ್ಕೇ ಬಿಡಬಾರದು.

ಕಾನೂನೇನೋ ನಮ್ಮ ಕಡೆಗೇ ಇದೆ. ಹೆಸರು ಹೇಳಬೇಕು, ಮನೆ ಎಲ್ಲಿ ಅಂತ ಹೇಳಬೇಕು. ಆಮೇಲೆ ಬಾಯಿ ಬಿಡಬೇಕೆಂದಿಲ್ಲ. ‘ನನ್ನನ್ನು ಹಿಡಿದಿದ್ದೀರಾ, ಇಲ್ಲಾ ನಾನು ಹೋಗಬಹುದಾ’ ಅಂತ ಕೇಳಬಹುದು. ಹಿಡಿದಿದ್ದರೆ ಯಾಕೆ ಅಂತ ಅವರು ಹೇಳಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ನೋಡಲು ಬಿಡಬೇಕು, ಮಾರನೆಯ ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದೂ ಇಲ್ಲ. ಅಲ್ಲಿ ನ್ಯಾಯಾಧೀಶರು ಮತ್ತೆ ಮೊದಲಿನಿಂದ ಕೇಳುತ್ತಾರೆ. ಆದರೆ ಅಷ್ಟರಲ್ಲಿ ಮನುಷ್ಯನಿಗೆ ತಾನು ಮಾಡಿದ್ದು ನೆನಪಿರುತ್ತದಲ್ಲ, ಅಲ್ಲೂ ಒಪ್ಪಿಕೊಳ್ಳುತ್ತಾನೆ. ಠಾಣೆಯಲ್ಲಿ ಹೂಂ ಅಂದವನು ಕೋರ್ಟಿನಲ್ಲಿ ಸುಮ್ಮನೆ ನಿಂತದ್ದನ್ನು ನಮ್ಮೂರು ಕಂಡಿರಲಿಲ್ಲ.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸಂಜೆ ಮಕ್ಕಳು ಹೋದಮೇಲೆ ಅದೇ ಕೊಠಡಿಯಲ್ಲಿ ದೊಡ್ಡವರಿಗೆ ಸುಮ್ಮನಿರುವುದನ್ನು ಹೇಳಿಕೊಡುತ್ತೇನೆ. ನನ್ನ ಗಂಡ ಬಸ್ ಕಂಡಕ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಉಳಿದ ಖಾಕಿ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಮೇಜಿನ ಆಚೆ ಕೂತು ಪ್ರಶ್ನೆ ಕೇಳುತ್ತೇನೆ. ಎದುರಿಗೆ ಕೂತವರು ಸುಮ್ಮನಿರಬೇಕು. ಗದರಿಸಿದರೆ ಎಲ್ಲರೂ ಸುಮ್ಮನಿರುತ್ತಾರೆ, ಅದು ಕಷ್ಟವಲ್ಲ. “ಮಗಳಿಗೆ ಜ್ವರ ಬಿಡ್ತಾ ಅಮ್ಮ?” ಅಂತ ಮೆತ್ತಗೆ ಕೇಳಿದಾಗ ಸುಮ್ಮನಿರುವುದು ಕಷ್ಟ. ಎಷ್ಟೋ ಜನ ಅಲ್ಲಿಯೇ ಸೋಲುತ್ತಾರೆ, ಸೋತು ಅಳುತ್ತಾರೆ. ನಾವು ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ.

ನನ್ನ ತಮ್ಮ ದೊರೆಸ್ವಾಮಿ ಈ ಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದ. ಅವನು ಲಗೇಜ್ ಆಟೋ ಓಡಿಸುತ್ತಿದ್ದ. ಸ್ವಭಾವತಃ ವಾಚಾಳಿ, ಆಟೋದಲ್ಲಿ ಯಾರೂ ಇಲ್ಲದಿದ್ದರೂ ಏನಾದರೂ ಹೇಳಿಕೊಳ್ಳುತ್ತಾ ಹೋಗುವವನು. ಆದರೆ ಖಾಕಿ ಕಂಡರೆ ಅವನ ಮುಖ ಗೋಡೆಯಂತಾಗುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಸುಮಿತ್ರ ಸತ್ತಳು. ಅವಳು ಮತ್ತು ಅವಳ ತಾಯಿ ಹೊಂಬಾಳಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಿದ್ದರು. ವ್ಯಾಪಾರ ಮುಗಿಸಿ ಗಾಡಿ ತಳ್ಳಿಕೊಂಡು ಮನೆಗೆ ಹೋಗುವಾಗ, ಮಗಳು ಮುಂದೆ ಎಳೆಯುತ್ತಿದ್ದಳು, ತಾಯಿ ಹಿಂದೆ ತಳ್ಳುತ್ತಿದ್ದಳು. ಎದುರಿನಿಂದ ಬಂದ ಕಾರು ಮಗಳಿಗೆ ಹೊಡೆಯಿತು. ಜಲ್ಲಿ ಕ್ವಾರಿಯ ಸಾಹುಕಾರರ ಮಗನ ನೀಲಿ ಕಾರು. ಹೊಂಬಾಳಮ್ಮ ಠಾಣೆಗೆ ಹೋಗಿ ಕಾರು ಯಾವುದು ಅಂತ ಹೇಳಿದಳು, ಬಣ್ಣ ಹೇಳಿದಳು, ಹುಡುಗ ಯಾರು ಅಂತ ಹೇಳಿದಳು. ಇನ್ಸ್‌ಪೆಕ್ಟರ್ ರುದ್ರಸ್ವಾಮಿ ಅವಳಿಗೆ ಕುರ್ಚಿ ಕೊಟ್ಟು ಕೂರಿಸಿ ಎಲ್ಲವನ್ನೂ ಕೇಳಿದರಂತೆ.

ಆಮೇಲೆ ಸ್ವಲ್ಪ ದಿನ ಏನೂ ನಡೆಯಲಿಲ್ಲ. ಸಾಹುಕಾರರ ಅಂಗಳದಲ್ಲಿ ಕಾರಿಗೆ ಟಾರ್ಪಾಲು ಹೊದಿಸಿದ್ದಾರೆ ಅಂತ ಜನ ಮಾತಾಡಿಕೊಂಡರು. ಆಮೇಲೆ ಪೊಲೀಸರು ಕ್ವಾರಿ ರಸ್ತೆಯಲ್ಲಿ ಅಡ್ಡ ನಿಂತು ಗಾಡಿ ಓಡಿಸುವವರನ್ನು ಒಬ್ಬೊಬ್ಬರಾಗಿ ನಿಲ್ಲಿಸತೊಡಗಿದರು. ಆಟೋದವರು, ಟ್ರ್ಯಾಕ್ಟರಿನವರು, ನೀರಿನ ಟ್ಯಾಂಕರಿನವರು. ಯಾಕೆ ಅಂತ ಊರಿಗೆಲ್ಲಾ ಗೊತ್ತಾಯಿತು. ಒಂದು ಹೂಂ ಬೇಕಾಗಿತ್ತು.

ಆ ವಾರ ಹೊಂಬಾಳಮ್ಮ ನನ್ನ ಸಂಜೆ ಪಾಠಕ್ಕೆ ಬಂದಳು. ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಹೋದಮೇಲೆ ಹತ್ತಿರ ಬಂದಳು.

“ಯಾರೂ ಬಾಯಿ ಬಿಡದಂಗೆ ನೋಡ್ಕೊಳ್ಳಿ ಮಿಸ್ಸೇ” ಅಂದಳು. “ಯಾರಾದ್ರೂ ಒಪ್ಕೊಂಡ್ರೆ ನಾನು ಕಂಡಿದ್ದು ನನ್ನ ಕಣ್ಣಿಂದ ಹೋಗಿಬಿಡುತ್ತೆ. ಮಗಳು ಹೋದಳು. ಅವಳು ಹೆಂಗೆ ಹೋದಳು ಅನ್ನೋದೂ ಹೋದ್ರೆ ನನ್ನ ಹತ್ರ ಏನು ಉಳೀತು?”

“ನಮ್ಮವರು ಯಾರೂ ಒಪ್ಪಲ್ಲ ಹೊಂಬಾಳಮ್ಮ.”

“ಆದ್ರೂ ನಿಮಗೆ ಹೇಳಿಟ್ಟಿರ್ತೀನಿ. ಬದಲಾಗೋದು ಕಂಡವರಿಗೆ, ಕೇಳಿದವರಿಗೆ ಅಲ್ಲ.”

ಅದು ನಿಜ. ಹೂಂ ಅನ್ನುವುದು ಕಂಡವರ ಕಣ್ಣಿನವರೆಗೆ ಹೋಗುತ್ತದೆ, ಕೇಳಿದವರ ಕಿವಿಯವರೆಗೆ ಹೋಗುವುದಿಲ್ಲ. ಅವಳು ನನ್ನ ಎದುರು ಕೂತು ಮೊದಲಿನಿಂದ ಹೇಳಿದಳು. ಇಡ್ಲಿ ಪಾತ್ರೆ ಉರುಳಿ ಏರಿಯಿಂದ ಕೆರೆಗೆ ಹೋದದ್ದು, ಸುಮಿತ್ರಳ ಒಂದು ಕಾಲು ಗಾಡಿಯ ಹಿಡಿಯಲ್ಲಿ ಸಿಕ್ಕಿಕೊಂಡಿದ್ದು. “ಕಾರು ನಿಲ್ಲಿಸಿ ಕೆಳಗಿಳಿದ ಮಿಸ್ಸೇ. ನನ್ನ ಮಗಳ ಕಡೆ ತಿರುಗಲಿಲ್ಲ. ಕಾರಿನ ಮುಂದುಗಡೆ ಬಗ್ಗಿ ನೋಡ್ದ. ತಗ್ಗು ಬಿದ್ದಿತ್ತಲ್ಲ, ಅದನ್ನ ಬೆರಳಲ್ಲಿ ಸವರಿ ನೋಡ್ದ. ಹತ್ಕೊಂಡು ಹೋದ.” ಹೇಳಿ ಮುಗಿಸಿದ ಮೇಲೆ ನನ್ನಿಂದ ಒಂದು ಸಲ ಹೇಳಿಸಿದಳು. ನಾನು ತಪ್ಪಿದ ಕಡೆ ತಿದ್ದಿದಳು.

ಅದಾದ ಸ್ವಲ್ಪ ದಿನಕ್ಕೆ ದೊರೆಸ್ವಾಮಿಯ ಆಟೋದಲ್ಲಿ ಶಾಲೆಯ ಮುರಿದ ಬೆಂಚುಗಳನ್ನು ಹಾಕಿಕೊಂಡು ಬಡಗಿಯ ಹತ್ತಿರ ಹೋಗುತ್ತಿದ್ದೆವು. ನಾನು ಅವನ ಪಕ್ಕ ಕೂತಿದ್ದೆ. ಕ್ವಾರಿ ರಸ್ತೆಯ ತಿರುವಿನಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ. ಬೇವಿನ ಮರದ ನೆರಳಲ್ಲಿ ಇನ್ಸ್‌ಪೆಕ್ಟರ್ ರುದ್ರಸ್ವಾಮಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದು ಬಂದು ಆಟೋದ ಮುಂಭಾಗವನ್ನು ನೋಡಿದರು. ಹಳೆಯ ಆಟೋ, ತಗ್ಗು ಇಲ್ಲದ ಜಾಗ ಹುಡುಕಬೇಕು.

“ಹೆಸರು?”

“ದೊರೆಸ್ವಾಮಿ.”

“ಮನೆ?”

“ಹಳೇ ಸಂತೆಮಾಳ, ನಲ್ಲಿ ಎದುರುಗಡೆ ಮನೆ.”

“ಸುಮಿತ್ರ ಅನ್ನೋ ಹುಡುಗಿ ಸತ್ತ ದಿನ ಎಲ್ಲಿದ್ದೆ?”

ದೊರೆಸ್ವಾಮಿ ಮಾತಾಡಲಿಲ್ಲ. ಕೈಯನ್ನು ಹ್ಯಾಂಡಲ್ ಮೇಲಿಂದ ತೆಗೆಯಲಿಲ್ಲ.

“ಕೇಳಿಸಲಿಲ್ವೇನಪ್ಪ?”

“ಸಾರ್, ನನ್ನನ್ನ ಹಿಡಿದಿದೀರಾ, ಇಲ್ಲಾ ಹೋಗಬಹುದಾ?”

ರುದ್ರಸ್ವಾಮಿ ನನ್ನ ಕಡೆ ತಿರುಗಿದರು. ನಗುಮುಖದ ಮನುಷ್ಯ, ಜೋರು ಮಾತಾಡಿದ್ದನ್ನು ನಾನು ಕೇಳಿಲ್ಲ. “ಚೆನ್ನಾಗಿ ಕಲಿಸಿದೀರಿ ವಾರಿಜಾ ಮೇಡಂ. ನಿಮ್ಮ ತಮ್ಮ ಅಲ್ವಾ ಇವರು?”

ತಲೆ ಆಡದ ಹಾಗೆ ಕುತ್ತಿಗೆ ಬಿಗಿಹಿಡಿದು ಕೂತೆ. ಅವರು ಸ್ವಲ್ಪ ಹೊತ್ತು ಕಾದರು.

“ಸರಿ, ಠಾಣೆಗೆ ಬರಲಿ. ಸುಮ್ಮನೆ ಎರಡು ಮಾತು ಕೇಳಿ ಕಳಿಸ್ತೀನಿ.”

“ಹಿಡಿದಿಲ್ಲ ಅಂದ್ರೆ ಅವನು ಬರಲ್ಲ ಸಾರ್” ಅಂದೆ. “ಹಿಡಿದಿದ್ದರೆ ಯಾಕೆ ಅಂತ ಹೇಳಿ.”

“ಹಿಡಿದಿದೀನಿ” ಅಂದರು, ಅದೇ ನಗುವಿನಲ್ಲಿ. “ಸುಮಿತ್ರನ ಸಾವಿನ ವಿಚಾರಕ್ಕೆ. ಈಗ ಸರಿ ತಾನೆ?”

ದೊರೆಸ್ವಾಮಿ ಆಟೋದ ಬೀಗದ ಕೈ ನನ್ನ ಕೈಯಲ್ಲಿಟ್ಟು ಇಳಿದ. ಜೀಪು ಹತ್ತುವಾಗ ತಿರುಗಿ ನೋಡಲಿಲ್ಲ. ನೋಡಿದರೆ ನಾನು ಏನಾದರೂ ಹೇಳಿಬಿಟ್ಟೇನು ಅಂತ ಇರಬೇಕು. ನನಗೆ ಆಟೋ ಓಡಿಸಲು ಬರುವುದಿಲ್ಲ. ಬೆಂಚುಗಳನ್ನು ಅಲ್ಲಿಯೇ ಬಿಟ್ಟು ನಡೆದೇ ವಕೀಲೆ ತಸ್ಲೀಮಾಳ ಆಫೀಸಿಗೆ ಹೋದೆ.

ತಸ್ಲೀಮಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಅವತ್ತೇ ಠಾಣೆಗೆ ಹೋದಳು. ಇಲ್ಲಿಲ್ಲ, ಬೇರೆ ಠಾಣೆಗೆ ಕಳಿಸಿದ್ದೇವೆ ಅಂದರು. ಆ ಠಾಣೆಯವರು ಅಂಥವರು ಯಾರೂ ಬಂದಿಲ್ಲ ಅಂದರು. ಮಾರನೆಯ ದಿನ ಕೋರ್ಟಿಗೆ ತರಬೇಕಾಗಿತ್ತು, ತರಲಿಲ್ಲ. ತಸ್ಲೀಮಾ ನ್ಯಾಯಾಧೀಶರಿಗೆ ಅರ್ಜಿ ಹಾಕಿದಳು, ಅದಕ್ಕೆ ಉತ್ತರ ಕೊಡಲು ಪೊಲೀಸರು ಕಾಲ ಕೇಳಿದರು, ನಡುವೆ ರಜೆ ಬಂತು. ನಾನು ದಿನಾ ಠಾಣೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಕಾನ್‌ಸ್ಟೇಬಲ್‌ಗಳಲ್ಲಿ ಕೆಲವರು ನನ್ನ ಕೈಯಲ್ಲೇ ಓದಿದವರು. ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಊರಿನ ಆಟೋದವರು ಸರದಿ ಹಾಕಿಕೊಂಡು ಬಂದು ನನ್ನ ಜೊತೆ ಕೂರುತ್ತಿದ್ದರು. ಹೊಂಬಾಳಮ್ಮ ಇಡ್ಲಿ ತಂದು ಕೊಟ್ಟು, “ಗಟ್ಟಿಯಾಗಿರ್ತಾನೆ ಬಿಡಿ” ಅನ್ನುತ್ತಿದ್ದಳು.

ಅವನು ಗಟ್ಟಿಯಾಗಿದ್ದ. ಒಂದು ಮಧ್ಯಾಹ್ನ ಠಾಣೆಯ ಬಾಗಿಲಿನಿಂದ ತಾನೇ ಹೊರಗೆ ಬಂದ. ಯಾರೂ ಕರೆತರಲಿಲ್ಲ, ಯಾರೂ ಏನೂ ಹೇಳಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ನಾನು ಎದ್ದು ಓಡಿದೆ. ಅವನ ಮುಖ ನೋಡಿದಾಗ ಬಿಡುಗಡೆಯಾಗಿ ಬಂದವನ ಮುಖದ ಹಾಗೆ ಕಾಣಲಿಲ್ಲ.

“ಯಾರೋ ಹೂಂ ಅಂದರು ಕಣಕ್ಕ” ಅಂದ.

ಮನೆಗೆ ಬಂದು ಬಿಸಿನೀರು ಕಾಯಿಸಿ ಮೈ ತೊಳೆಸಲು ಹೊರಟೆ. ಮೊದಲು ಡಾಕ್ಟರಿಗೆ ತೋರಿಸಿ ಗಾಯಗಳನ್ನೆಲ್ಲಾ ಬರೆಸಬೇಕು ಅಂತ ತಸ್ಲೀಮಾ ಬಂದು ಹಟ ಮಾಡಿ ಕರೆದುಕೊಂಡು ಹೋದಳು. ವಾಪಸು ಬಂದಮೇಲೆ ಅವನು ಗೋಡೆಗೆ ಒರಗಿ ಕೂತು ಹೇಳಿದ. ಅವನನ್ನು ಅದೇ ಠಾಣೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ನಾನು ಕಟ್ಟೆಯ ಮೇಲೆ ಕೂತಿದ್ದಷ್ಟು ದಿನವೂ ಅಲ್ಲಿಯೇ ಇದ್ದ. ನಿದ್ದೆ ಮಾಡಲು ಬಿಡಲಿಲ್ಲ, ಬೆರಳು ತಿರುಚಿದರು. ಅಕ್ಕ ಬಿದ್ದು ಆಸ್ಪತ್ರೆ ಸೇರಿದ್ದಾಳೆ, ನೋಡಬೇಕಾ ಅಂತ ಕೇಳಿದರು. ಅವನು ಒಂದಕ್ಕೂ ಬಾಯಿ ಬಿಡಲಿಲ್ಲ.

“ಇವತ್ತು ಬೆಳಿಗ್ಗೆ ಪಕ್ಕದ ಕೋಣೆಗೆ ಯಾರನ್ನೋ ಕರ್ಕೊಂಡು ಬಂದ್ರು. ಇಟ್ಟಿಗೆ ಭಟ್ಟಿಯವನು. ಈಗ ತಾನೆ ಊರಿಗೆ ಬಂದಿರೋನು, ಬಡಗಡೆಯವನು, ಮಾತಲ್ಲೇ ಗೊತ್ತಾಗ್ತಿತ್ತು. ಇನ್ಸ್‌ಪೆಕ್ಟ್ರು ಅವನಿಗೆ ಚಹಾ ತರಿಸಿದ್ರು. ಅವನ ಥರಾನೇ ಮಾತಾಡಿದ್ರು ಅಕ್ಕ. ‘ಊಟ ಆತೇನಪಾ’ ಅಂದ್ರು. ‘ಹೂನ್ರೀ’ ಅಂದ. ‘ಭಟ್ಟಿಯಾಗ ಟ್ರ್ಯಾಕ್ಟರ್ ಐತಲಾ’ ಅಂದ್ರು. ‘ಹೂನ್ರೀ’. ‘ಕೆರೀ ಏರಿ ಮ್ಯಾಲ ಅಡ್ಡಾಡತದಲಾ.’ ‘ಹೂನ್ರೀ.’ ಸ್ವರ ಏನೂ ಬದಲಾಯಿಸಲಿಲ್ಲ, ‘ಆ ಇಡ್ಲಿ ಮಾರೋ ಹುಡುಗೀಗೆ ಹೊಡದದ್ದು ನೀನ ಅಲಾ’ ಅಂದ್ರು. ಅವನು ಚಹಾ ಕುಡೀತಾ ಇದ್ದ. ಲೋಟ ಕೆಳಗಿಟ್ಟು, ‘ಹೂನ್ರೀ’ ಅಂದ. ದೊಡ್ಡವರು ಕೇಳ್ತಾರೆ, ಹೂಂ ಅನ್ನಬೇಕು, ಅಷ್ಟೇ ಅವನಿಗೆ ಗೊತ್ತಿದ್ದದ್ದು.”

ದೊರೆಸ್ವಾಮಿ ಕಟ್ಟು ಹಾಕಿದ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಎರಡನೇ ಹೂಂಗೇ ನನಗೆ ಗೊತ್ತಾಯ್ತು ಎಲ್ಲಿಗೆ ಹೋಗ್ತಿದೆ ಅಂತ. ಗೋಡೆ ಅಷ್ಟೇ ಅಕ್ಕ ಮಧ್ಯೆ. ಬಾಯಿ ಬಿಡಬೇಡಪ್ಪ ಅಂತ ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಬಾಯಿವರೆಗೂ ಬಂತು. ಒಳಗೆ ಹೋದಮೇಲೆ ಏನೇ ಆದ್ರೂ ಬಾಯಿ ತೆಗೀಬಾರದು ಅಂತ ಕಲಿತಿದ್ನಲ್ಲ. ತೆಗೀಲಿಲ್ಲ.”

ಹೊತ್ತು ಮುಳುಗುವ ಮುಂಚೆ ಇಟ್ಟಿಗೆ ಭಟ್ಟಿಯಲ್ಲಿ ಮುಂಭಾಗ ಜಜ್ಜಿಹೋದ ಟ್ರ್ಯಾಕ್ಟರ್ ಸಿಕ್ಕಿತು. ಸಾಹುಕಾರರ ಮಗ ನೀಲಿ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಪೈಪು ಹಿಡಿದು ತೊಳೆಯುತ್ತಿದ್ದುದನ್ನು ಮಾರನೆಯ ದಿನ ನಾನೇ ನೋಡಿದೆ. ಮುಂಭಾಗ ಕನ್ನಡಿಯ ಹಾಗಿತ್ತು. ನಾನು ನಿಂತದ್ದು ನೋಡಿ ಅವನು, “ನಮಸ್ಕಾರ ಮಿಸ್” ಅಂದ. ಅವನಿಗೆ ನೆನಪಿರಲಿಲ್ಲ. ನಟನೆಯಲ್ಲ, ನಿಜವಾಗಿಯೂ ಏನೂ ನೆನಪಿರಲಿಲ್ಲ. ಆ ಮುಖದಲ್ಲಿ ಯಾವ ಕಲೆಯೂ ಇರಲಿಲ್ಲ.

ಹೊಂಬಾಳಮ್ಮ ಅವತ್ತೇ ನಮ್ಮ ಮನೆಗೆ ಬಂದಳು. ದೊರೆಸ್ವಾಮಿಯ ಕಟ್ಟು ಹಾಕಿದ ಕೈ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. “ಯಾವನೋ ಮಾಡಿದ್ದಕ್ಕೆ ನೀನು ಅನುಭವಿಸಿದೆಯಲ್ಲೋ ಮಗ. ಆ ಭಟ್ಟಿಯವನ ಕೈ ಸೇದಿಹೋಗ” ಅಂದಳು.

ನಾನು ಅವಳನ್ನು ಕೂರಿಸಿ, “ಹೊಂಬಾಳಮ್ಮ, ಅದು ಕಾರು” ಅಂದೆ.

“ಯಾವ ಕಾರು?”

“ನೀಲಿ ಕಾರು. ನೀವೇ ನನಗೆ ಹೇಳಿದ್ರಿ. ಶಾಲೇಲಿ ಕೂತು ಹೇಳಿದ್ರಿ, ನನ್ನ ಕೈಲಿ ಹೇಳಿಸಿದ್ರಿ.”

ಅವಳು ನನ್ನನ್ನೇ ನೋಡಿದಳು. “ಟ್ರ್ಯಾಕ್ಟರ್ ಮಿಸ್ಸೇ. ನನ್ನ ಕಣ್ಣ ಮುಂದೇನೇ ಬಂತು. ಅವನು ಕೆಳಗಿಳಿದು ತಲೆ ಮೇಲೆ ಕೈಹೊತ್ಕೊಂಡು ಕೂತ. ಅವ್ವಾ ಅವ್ವಾ ಅಂತ ಅತ್ತ. ಆಮೇಲೆ ಹೆದರಿ ಓಡಿಹೋದ.”

ದುರಗಪ್ಪ ಎಂಬ ಆ ಭಟ್ಟಿಯವನ ಕೈಯಲ್ಲಿ ಅಂಥದ್ದು ನಡೆದಿದ್ದರೆ ಅವನು ಹಾಗೇ ಮಾಡುತ್ತಿದ್ದ ಅಂತ ನನಗೆ ಆಮೇಲೆ ತಿಳಿಯಿತು. ಆಗ ನಾನು ಅವಳು ಹೇಳಿದ್ದನ್ನೆಲ್ಲಾ ಅವಳಿಗೇ ಹೇಳಲು ಹೊರಟೆ. ಅವಳು ಅರ್ಧಕ್ಕೇ ಎದ್ದಳು.

“ಸತ್ತಿದ್ದು ನನ್ನ ಮಗಳು, ಕಂಡಿದ್ದು ನಾನು. ನಿಮಗೆ ಸಾಹುಕಾರರ ಮೇಲೆ ಏನು ಸಿಟ್ಟಿದೆಯೋ ಅದಕ್ಕೆ ನನ್ನ ಮಗಳನ್ನ ಎಳೀಬೇಡಿ.” ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ದೊರೆಸ್ವಾಮಿಯ ಎಡಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಕ್ಲಚ್ಚು ಹಿಡಿಯಲು ಆಗುತ್ತಿರಲಿಲ್ಲ. ಆಟೋ ಮನೆಯ ಮುಂದೆ ನಿಂತಿತ್ತು. ಅವನು ಬಾಗಿಲಲ್ಲಿ ಕೂತು ಅದನ್ನು ನೋಡುತ್ತಿದ್ದ. ವಾಚಾಳಿಯಾಗಿದ್ದವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು, “ನಾನು ಅವನನ್ನ ನೋಡಬೇಕಕ್ಕ” ಅಂದ.

ತಸ್ಲೀಮಾ ದುರಗಪ್ಪನ ವಕಾಲತ್ತು ತೆಗೆದುಕೊಂಡಳು. ಅವನಿಗೆ ಊರಲ್ಲಿ ಯಾರೂ ಇರಲಿಲ್ಲ. ಭಟ್ಟಿಯ ಮಾಲೀಕರು ಅವನ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜೈಲಿನಲ್ಲಿ ಜಾಲರಿಯ ಆಚೆ ಬಂದು ನಿಂತ. ನನ್ನ ತಮ್ಮನಷ್ಟೇ ವಯಸ್ಸು, ತೆಳ್ಳಗಿನ ಆಳು. ನಾವು ಯಾರು ಅಂತ ತಿಳಿಯದೆ ಇಬ್ಬರಿಗೂ ಕೈ ಮುಗಿದ.

“ನೀವು ಆ ಹುಡುಗಿ ಮನಿಯವರೇನ್ರೀ?” ಅಂತ ಕೇಳಿದ.

“ಅಲ್ಲಪ್ಪ.”

“ಆಕಿ ಅವ್ವನ್ನ ಒಂದ್ಸಲ ಕರಕೊಂಡು ಬರ್ರಿ. ಕಾಲಿಗೆ ಬೀಳ್ತೀನಿ.” ಅವನ ಕಣ್ಣು ತುಂಬಿತು. “ಗಾಲಿ ಅಡಿಗೆ ಸಿಕ್ಕಾಗ ಗಾಡಿ ಹಿಂಗ ಎತ್ತಿದಂಗಾತು. ಮಲಗಿದ್ರ ಅದ ನೆನಪಾಗ್ತತಿ.”

“ನಿನಗೆ ಟ್ರ್ಯಾಕ್ಟರ್ ಓಡಿಸೋಕೆ ಬರ್ತಿತ್ತಾ?” ಅಂತ ನಾನು ಕೇಳಿದೆ.

ಅವನು ಯೋಚಿಸಿದ. “ಊರಾಗ ಸೈಕಲ್ ಸುದ್ದಾ ಹೊಡೀತಿರಲಿಲ್ರೀ. ಆದ್ರ ಬರ್ತದ.” ಅವನ ಎಡಗಾಲು ನೆಲದ ಮೇಲೆ ಮೆಲ್ಲಗೆ ಒತ್ತಿ ಮೇಲೆದ್ದಿತು, ಬಲಗಾಲು ಮುಂದಕ್ಕೆ ಒತ್ತಿತು. “ಕಾಲಿಗೆ ಗೊತ್ತೈತ್ರಿ” ಅಂದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದೊರೆಸ್ವಾಮಿ ನಿಂತ. ಜಾಲರಿಗೆ ಹತ್ತಿರ ಹೋಗಿ ಹೇಳಿದ, “ಅವತ್ತು ಠಾಣೆಯಲ್ಲಿ ನಾನು ಗೋಡೆಯ ಆ ಕಡೆ ಇದ್ದೆ. ನಿನಗೆ ಚಹಾ ಕೊಟ್ಟಿದ್ದು ಕೇಳಿದೀನಿ, ನೀನು ಲೋಟ ಕೆಳಗಿಟ್ಟಿದ್ದು ಕೇಳಿದೀನಿ. ನೀನು ಏನೂ ಮಾಡಿಲ್ಲ. ಹೂಂ ಅಂದಿದೀಯ, ಅಷ್ಟೇ. ಅದನ್ನ ನಾನು ತಡೀಬಹುದಾಗಿತ್ತು.”

ದುರಗಪ್ಪ ಅವನನ್ನು ಕನಿಕರದಿಂದ ನೋಡಿದ. “ನೀವು ಛಲೋ ಮಂದಿ ಅದೀರಿ, ಅದಕ್ಕ ಹಂಗಂತೀರಿ. ಮಾಡಿದವಗ ಗೊತ್ತಿರತದ್ರೀ.”

ಭೇಟಿಗೆ ಬಿಡುವ ದಿನವೆಲ್ಲಾ ದೊರೆಸ್ವಾಮಿ ಹೋದ. ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮೊದಮೊದಲು ದುರಗಪ್ಪ ಅದೇ ಮಾತು ಹೇಳಿ ಅಳುತ್ತಿದ್ದನಂತೆ. ಒಂದು ದಿನ ತಮ್ಮ ಅವನನ್ನು ಬೇರೆ ಏನೋ ಕೇಳಿದ. “ನನಗೆ ಗಾಡಿ ಕಲಿಸಿದ್ದು ಲಾರಿ ಅಬ್ಬಾಸಣ್ಣ. ಗೇರು ಕಿರ್ ಅಂದಾಗ ತಲೆ ಮೇಲೆ ಕುಟ್ಟೋರು. ಈಗಲೂ ಗೇರು ಕಿರ್ ಅಂದ್ರೆ ನಾನು ತಲೆ ಬಗ್ಗಿಸ್ತೀನಿ. ನಿನಗೆ ಯಾರು ಕಲಿಸಿದ್ದು?”

ದುರಗಪ್ಪ ಬಾಯಿ ತೆರೆದು ಹಾಗೇ ನಿಂತ. ಯೋಚನೆ ಮಾಡಿ ಹೇಳು, ಅವಸರ ಇಲ್ಲ ಅಂತ ತಮ್ಮ ಬಂದುಬಿಟ್ಟ. ಮುಂದಿನ ಸಲ ಹೋದಾಗಲೂ ಅವನಿಗೆ ಹೆಸರು ಸಿಕ್ಕಿರಲಿಲ್ಲ. ಅದರ ಮುಂದಿನ ಸಲ ಅವನು ಅಳಲಿಲ್ಲ. “ಯಾರೂ ಕಲಿಸಿಲ್ರೀ ನನಗ” ಅಂದ. ಅವನ ಮುಖ ಹೆದರಿದವನ ಮುಖದ ಹಾಗಿತ್ತು ಅಂತ ದೊರೆಸ್ವಾಮಿ ಹೇಳಿದ. ತಪ್ಪು ಮಾಡಿದ್ದೇನೆ ಅಂತ ಗೊತ್ತಿದ್ದಾಗ ಅವನಿಗೆ ಒಂದು ನೆಲೆಯಾದರೂ ಇತ್ತು. ಈಗ ತನ್ನ ತಲೆಯೊಳಗಿನ ಯಾವುದು ತನ್ನದು, ಯಾವುದು ಅಲ್ಲ ಅನ್ನುವುದೇ ತಿಳಿಯದಾಗಿತ್ತು.

“ಜಜ್ಜರು ಕೇಳ್ತಾರೆ” ಅಂತ ತಮ್ಮ ಹೇಳಿಕೊಟ್ಟ. “ನೀನು ಮಾಡಿಲ್ಲ ಅಂತ ಹೇಳಬೇಕಾಗಿಲ್ಲ. ನಿನಗೆ ಹಾಗೆ ಅನ್ನಿಸದೆ ಇದ್ದರೆ ಹೇಳಬೇಡ. ಮಾಡಿದೆ ಅಂತಾನೂ ಹೇಳಬೇಡ. ಸುಮ್ಮನೆ ನಿಂತ್ಕೋ. ಸುಮ್ಮನಿರೋದು ನಿನ್ನ ಹಕ್ಕು.”

“ಹಿರೇರು ಕೇಳಿದಾಗ ಮಾತಾಡಲಿಲ್ಲಂದ್ರ ಸೊಕ್ಕು ಅಂದಂಗ ಆಗೂದಿಲ್ಲೇನ್ರೀ?”

“ಅಂದ್ಕೊಳ್ಳಲಿ ಬಿಡು.”

ನನ್ನ ಸಂಜೆಯ ಪಾಠದಲ್ಲಿ ಈಗ ದೊರೆಸ್ವಾಮಿಯೂ ನನ್ನ ಜೊತೆ ಹೇಳಿಕೊಡುತ್ತಾನೆ. ಕೊಠಡಿಯ ನಡುವೆ ಕಪ್ಪುಹಲಗೆ ಅಡ್ಡ ನಿಲ್ಲಿಸಿ, ಒಂದು ಕಡೆ ಒಬ್ಬರನ್ನು ಕೂರಿಸಿ ನಾನು ಪ್ರಶ್ನೆ ಕೇಳುತ್ತೇನೆ, ಇನ್ನೊಂದು ಕಡೆ ಕೂತವರು ಕೂಗಿ ಎಚ್ಚರಿಸಬೇಕು. ನಮ್ಮ ಜನಕ್ಕೆ ಇದು ಸುಮ್ಮನಿರುವುದಕ್ಕಿಂತ ಕಷ್ಟವಾಗಿದೆ. ಗಂಟಲಿನಿಂದ ಸ್ವರವೇ ಹೊರಡುವುದಿಲ್ಲ.

ಕೋರ್ಟಿನ ದಿನ ಜಾಗ ಸಾಲದಷ್ಟು ಜನ ಬಂದಿದ್ದರು. ಹೊಂಬಾಳಮ್ಮ ಮುಂದಿನ ಬೆಂಚಿನಲ್ಲಿದ್ದಳು. ಇನ್ಸ್‌ಪೆಕ್ಟರ್ ರುದ್ರಸ್ವಾಮಿ ಬಾಗಿಲ ಹತ್ತಿರ ನಿಂತಿದ್ದರು. ದುರಗಪ್ಪನನ್ನು ಕಟಕಟೆಗೆ ತಂದಾಗ ಅವನು ಮೊದಲು ಹೊಂಬಾಳಮ್ಮನ ಕಡೆ ನೋಡಿದ, ಅವನ ಕೈ ಮುಗಿಯಲು ಎದ್ದದ್ದು ಅರ್ಧಕ್ಕೆ ನಿಂತಿತು. ನ್ಯಾಯಾಧೀಶರು ಹೆಸರು ಕೇಳಿದರು, ಹೇಳಿದ. ಊರು ಕೇಳಿದರು, ಹೇಳಿದ.

“ಈ ಅಪಘಾತ ಮಾಡಿದ್ದು ನೀನೇನಾ?”

ಅವನು ಮಾತಾಡಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು. ಮತ್ತೆ ಕೇಳಿದರು. ಅವನ ಎಡಗಾಲು ಮರದ ಹಲಗೆಯ ಮೇಲೆ ಒತ್ತಿ ಏಳುತ್ತಿದ್ದುದು ನನಗೆ ಕಾಣಿಸಿತು. ಅವನು ಕೈಯಿಂದ ತೊಡೆಯನ್ನು ಹಿಡಿದು ನಿಲ್ಲಿಸಿದ. ರುದ್ರಸ್ವಾಮಿ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ದುರಗಪ್ಪ ಅವರನ್ನು ನೋಡಿದ, ತುಟಿ ಅಲ್ಲಾಡಿತು. ಆಗ ಹಿಂದಿನಿಂದ ದೊರೆಸ್ವಾಮಿ, ಆ ಅಷ್ಟು ಜನರ ನಡುವೆ ಎದ್ದು ನಿಂತು, “ಬಾಯಿ ಬಿಡಬೇಡ ದುರಗಪ್ಪ” ಅಂದ. ಜೋರಾಗಿಯೇ ಅಂದ. ಪೇದೆ ಬಂದು ಅವನನ್ನು ತೋಳು ಹಿಡಿದು ಹೊರಗೆ ಹಾಕಿದ. ದುರಗಪ್ಪ ತುಟಿ ಮುಚ್ಚಿದ.

ನ್ಯಾಯಾಧೀಶರು ಇನ್ನೊಂದು ಸಲ ಕೇಳಲಿಲ್ಲ. ಆರೋಪಿ ಒಪ್ಪಿಕೊಂಡಿಲ್ಲ, ಸಾಕ್ಷಿಯಿಂದ ಸಾಬೀತು ಮಾಡಿ ಅಂತ ಹೇಳಿ ಮುಂದಿನ ತಾರೀಖು ಕೊಟ್ಟರು. ಅಷ್ಟೇ ಆದದ್ದು. ಟ್ರ್ಯಾಕ್ಟರಿನ ತಗ್ಗು ಹಾಗೇ ಇದೆ. ನೀಲಿ ಕಾರು ಹೊಳೆಯುತ್ತಾ ಓಡಾಡುತ್ತಿದೆ. ದುರಗಪ್ಪ ಇನ್ನೂ ಜೈಲಿನಲ್ಲಿದ್ದಾನೆ, ಜಾಮೀನು ಸಿಕ್ಕಿಲ್ಲ. ರುದ್ರಸ್ವಾಮಿಯವರಿಗೆ ಬಡ್ತಿಯಾಗಿದೆ. ತಮ್ಮನ ಬೆರಳು ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆಟೋ ಮಾರಿದ್ದೇವೆ.

ಕೋರ್ಟಿನ ಮಾರನೆಯ ದಿನ, ಶಾಲೆ ಬಿಟ್ಟು ಮನೆಗೆ ಬಂದರೆ ಹೊಂಬಾಳಮ್ಮ ಜಗಲಿಯ ಮೇಲೆ ಕೂತಿದ್ದಳು. ಒಳಗೆ ಕರೆದರೂ ಬರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

“ಅವನು ಯಾಕೆ ಒಪ್ಕೊಳ್ಳಲಿಲ್ಲ ಮಿಸ್ಸೇ?” ಅಂದಳು. “ಮಾಡಿದವರು ಎಲ್ಲಾ ಒಪ್ಕೊತಾರೆ. ನಾನು ಇಷ್ಟು ವರ್ಷದಲ್ಲಿ ನೋಡೇ ಇಲ್ಲ.”

ನಾನು ಅವಳ ಪಕ್ಕ ಕೂತೆ.

“ಅವತ್ತು ನೀವು ಏನೋ ಹೇಳೋಕೆ ಬಂದ್ರಿ. ನಾನು ಬಾಯಿಗೆ ಬಂದಂಗೆ ಅಂದು ಎದ್ದು ಹೋದೆ. ಅದೇನು ಅಂತ ಹೇಳಿ.”

ನಾನು ಹೇಳಿದೆ. ಅವಳು ಹೇಳಿಕೊಟ್ಟ ಹಾಗೆಯೇ, ಅವಳು ತಿದ್ದಿದ ಹಾಗೆಯೇ ಹೇಳಿದೆ. ಅವಳು ಬೀದಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು. ಹುಡುಗ ಕಾರಿನ ತಗ್ಗನ್ನು ಬೆರಳಿನಿಂದ ಸವರಿ ನೋಡಿದ ಅನ್ನುವಲ್ಲಿ ಅವಳ ಕೈ ಸೆರಗಿನ ಮೇಲೆ ನಿಂತಿತು. ನಾನು ಮುಗಿಸಿದೆ. ಅವಳು ನೀರು ಕೇಳಿದಳು. ತಂದುಕೊಟ್ಟೆ. ಕುಡಿದು ಚೊಂಬನ್ನು ಪಕ್ಕಕ್ಕಿಟ್ಟಳು.

“ನೀವು ಹೇಳಿದ್ದು ನನಗೆ ಒಂದೂ ನೆನಪಿಲ್ಲ” ಅಂದಳು. “ಇನ್ನೊಂದು ಸಲ ಹೇಳಿ.”